ಗಾಡಿ ಮೇಲಿನ ಏಸಿ: ಭಾನುವಾರ ಫಿಟ್ಟರ್ ಬರೋ ಮುಂಚೆ ಇದನ್ನ ಪೂರ್ತಿ ಕೇಳು

ತಮ್ಮಾ, ನಿನ್ನ ಮೆಸೇಜ್ ನೋಡಿದೆ. ಈ ಚಿಕ್ಕ ಅಕ್ಷರ ಒತ್ತಿ ಒತ್ತಿ ಬರೆಯೋದು ನನ್ನಿಂದಾಗೋದಿಲ್ಲ, ಬಾಯಲ್ಲೇ ಹೇಳ್ತೇನೆ. ಗೋಕರ್ಣದ ತೋಟದಲ್ಲಿ ನಿಲ್ಲಿಸಿರೋ, ಕಾರಿನ ಹಿಂದೆ ಕಟ್ಟಿ ಎಳೆಯೋ ಮನೆಯಂಥ ಟ್ರೇಲರ್ ಮೇಲೆ ಕೂರಿಸೋ ಏಸಿ ಪೆಟ್ಟಿಗೆ ಬಂದಾಯ್ತು, ಭಾನುವಾರ ಫಿಟ್ಟರ್ ಬರ್ತಾನೆ, ಚಾವಣಿ ನಡುವೆ ಹೊಸ ತೂತು ಕೊರೀಬೇಕು ಅಂತಿದ್ದಾನೆ, ಮಳೆಗಾಲದಲ್ಲಿ ಸೋರಿದ್ರೆ ಎಂತ ಮಾಡೋದು ಅಂತ ಕೇಳಿದ್ದೀಯಲ್ಲ. ತೂತಿನ ಮಾತು ಆಮೇಲೆ. ಸೋರೋದು ಹೆಚ್ಚಾಗಿ ಬೋಲ್ಟಿನ ದೆಸೆಯಿಂದ ಮಾರಾಯ, ಅದನ್ನ ಮೊದಲು ಕೇಳು.

ಅಂಕೋಲೆಯ ಶೆಡ್ಡಿಗೆ ಒಂದು ಬಿಳಿ ಟ್ರೇಲರ್ ಬಂದಿತ್ತು. ನಿನ್ನ ಅಪ್ಪನಿಗೆ ನೆನಪಿರ್ತದೆ, ಅತ್ತಿಗೆಗೂ ಗೊತ್ತು, ಒಳಗಿನ ಮುಗ್ಗಲು ವಾಸನೆಗೆ ಸೆರಗು ಮೂಗಿಗೆ ಹಿಡ್ಕೊಂಡು ಹೊರಗೇ ನಿಂತಿದ್ರಲ್ಲ, ಅದೇ ಗಾಡಿ. ಏಸಿ ಹೊಸದೇ, ಕಂಪ್ರೆಸರ್ ಚೆನ್ನಾಗಿತ್ತು, ತಂಪೂ ಆಗ್ತಿತ್ತು. ಆದ್ರೆ ಸೀಲಿಂಗಿನ ಪ್ಲೈವುಡ್ ಏಸಿ ಸುತ್ತ ಒಂದು ಮೊಳ ಕಪ್ಪಾಗಿತ್ತು, ಬೆರಳಲ್ಲಿ ಒತ್ತಿದ್ರೆ ಒಳಗೇ ಹೋಗ್ತಿತ್ತು. ಮೇಲೆ ಹತ್ತಿ ನೋಡಿದ್ರೆ ಏಸಿ ಬುಡದ ಸುತ್ತ ಕೇಕಿಗೆ ಕ್ರೀಮ್ ಬಳಿದ ಹಾಗೆ ಸಿಲಿಕಾನ್. ಅದನ್ನ ಕೆರೆದು, ಒಳಗಿಂದ ನಾಲ್ಕು ಬೋಲ್ಟ್ ಬಿಚ್ಚಿ, ಇಬ್ಬರು ಸೇರಿ ಎತ್ತಿದ್ರೆ ಅಡಿಯಲ್ಲಿದ್ದ, ನೀರು ತಡೆಯೋ ಗ್ಯಾಸ್ಕೆಟ್ ಮೂರ್ನಾಲ್ಕು ಮಿಲಿಮೀಟರಿಗೆ ಚಪ್ಪಟೆ. ಪೆಟ್ಟಿಗೆಯಲ್ಲಿ ಬರುವಾಗ ಅದು ಹೆಚ್ಚುಕಡಿಮೆ ಒಂದು ಇಂಚು ದಪ್ಪದ ಸ್ಪಂಜು.

ಆದದ್ದೆಂತ ಅಂದ್ರೆ, ಬೋಲ್ಟನ್ನ ಲಾರಿ ಚಕ್ರದ ನಟ್ಟು ಬಿಗಿಯೋ ಗಾಳಿ ಗನ್ನಲ್ಲಿ ಬಿಗಿದಿದ್ರು. ಈ ಏಸಿಗೆ ಚಾವಣಿ ಮೇಲೆ ಒಂದೂ ಸ್ಕ್ರೂ ಇರೋದಿಲ್ಲ. ಮೇಲೆ ಯೂನಿಟ್ಟು, ಒಳಗೆ ಸೀಲಿಂಗಿನ ಫ್ರೇಮು, ನಾಲ್ಕು ಉದ್ದ ಬೋಲ್ಟು ಎರಡನ್ನೂ ಎಳೆದು ಚಾವಣಿಯನ್ನ ನಡುವೆ ಕಚ್ಕೊಳ್ತವೆ. ಆ ಗಾಡಿ ಚಾವಣಿ ಅಂದ್ರೆ ಮೇಲೆ ಫೈಬರ್, ಕೆಳಗೆ ಪ್ಲೈವುಡ್, ನಡುವೆ ಬರೀ ಥರ್ಮೋಕೋಲ್. ಎಳೆದ ಹೊಡೆತಕ್ಕೆ ಥರ್ಮೋಕೋಲ್ ಕುಸೀತು, ಚಾವಣಿ ಬಟ್ಟಲಾಯ್ತು. ಏಸಿಯ ತಳದ ತಗಡೂ ಬೋಲ್ಟ್ ಇದ್ದ ಕಡೆ ಬಗ್ಗಿ, ಬೋಲ್ಟಿಗೂ ಬೋಲ್ಟಿಗೂ ನಡುವೆ ಮೇಲೆದ್ದಿತ್ತು. ಮಳೆ ನೀರು ಬಟ್ಟಲಲ್ಲಿ ನಿಲ್ಲೋದು, ಎದ್ದ ಸಂದಿಯಿಂದ ಒಳಗೆ ಹೋಗೋದು, ಒಳಗೆ ಹೋದ ನೀರು ಹೊರಗೆ ಬರದ ಹಾಗೆ ಸಿಲಿಕಾನ್ ಗೋಡೆ! ಕಾರವಾರದ ಕಡೆ ಜೂನಿಂದ ಸೆಪ್ಟೆಂಬರಲ್ಲಿ ಬೀಳೋ ಮಳೆ ನಿನಗೇನು ಹೊಸದಾ?

ಅದಕ್ಕೇ ಹೇಳೋದು, ಬೋಲ್ಟು ಕೈಯಲ್ಲೇ ಬಿಗೀಬೇಕು, ಗ್ಯಾಸ್ಕೆಟ್ ಅರ್ಧ ಇಂಚು ದಪ್ಪ ಉಳೀಬೇಕು. ಒಂದೇ ಬೋಲ್ಟನ್ನ ಕೊನೆ ಮುಟ್ಟಿಸ್ಬೇಡ. ಒಂದು ಮೂಲೆ, ಆಮೇಲೆ ಅದರ ಎದುರು ಮೂಲೆ, ಎರಡೆರಡು ಸುತ್ತು. ಮೇಲೆ ಒಬ್ಬ ಟೇಪ್ ಹಿಡ್ಕೊಂಡು ನಾಲ್ಕೂ ಬದಿಯಲ್ಲಿ ಅಳೀತಾ ಇರಬೇಕು. ಬಿಗಿಯೋ ಜೋರಿನ ಲೆಕ್ಕದಲ್ಲಿ 40ರಿಂದ 50 ಇಂಚು-ಪೌಂಡು, ಅಂದ್ರೆ 4.5ರಿಂದ 5.6 ನ್ಯೂಟನ್ ಮೀಟರ್. ಚಿಕ್ಕ ರ‍್ಯಾಚೆಟ್ ಪಾನಾವನ್ನ ಮಣಿಕಟ್ಟಿನ ಜೋರಲ್ಲಿ ತಿರುಗಿಸಿದಷ್ಟೇ. ಗಾಳಿ ಗನ್ನು ಇದರ ಎಷ್ಟೋ ಪಟ್ಟು ಎಳೀತದೆ. ಸಡಿಲ ಬಿಟ್ರೂ ಸೋರ್ತದೆ, ಅದು ಬೇರೆ. ಮೊದಲ ಸಲ ರಸ್ತೆಗೆ ಒಯ್ದು ಬಂದ ಮೇಲೆ ಮತ್ತೊಮ್ಮೆ ನೋಡು, ಸ್ಪಂಜು ಕೂತು ಬೋಲ್ಟು ಸ್ವಲ್ಪ ಸಡಿಲ ಆಗಿರ್ತದೆ.

ಇದಕ್ಕೆ ಸರಿಯಾದ, ಎಷ್ಟು ಬಿಗಿಯಾಯ್ತು ಅಂತ ತೋರಿಸೋ ಟಾರ್ಕ್ ಪಾನಾ ನನ್ನ ಹತ್ತಿರ ಇತ್ತು. ಇತ್ತು. ಸಿರ್ಸಿ ಭಾವ ಮಾರಿಜಾತ್ರೆಗೆ ಹೋದಾಗ ಎರಡು ದಿನಕ್ಕೆ ಅಂತ ಒಯ್ದದ್ದು. ಸಿರ್ಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದಾದ ಮೇಲೆ ಇನ್ನೊಂದು ಜಾತ್ರೆಯೂ ಆಯ್ತು, ಪಾನಾ ಮಾತ್ರ ಘಟ್ಟ ಇಳೀಲಿಲ್ಲ. ಅಡಿಕೆ ಯಂತ್ರಕ್ಕೆ ಬೇಕು ಅಂದ್ರು, ಅಡಿಕೆ ಯಂತ್ರಕ್ಕೆ ಟಾರ್ಕ್ ಪಾನಾ ಎಂತಕ್ಕೆ? ಭಾವ, ನೀವೂ ಈ ಗುಂಪಲ್ಲಿ ಇದ್ದೀರಿ, ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ ಹಾಕ್ತೀರಿ, ಹಾಗಾಗಿ ಇದೂ ಕೇಳಿಸ್ತದೆ. ಕುಮಟೆ ಬಸ್ಸಿಗೆ ಹಾಕಿದ್ರೂ ಸಾಕು. ಅಲ್ಲ, ಈ ಮನೆಯಲ್ಲಿ ಯಾವಾಗ್ಲೂ ಹೀಗೇ. ಸಾಮಾನು ತರೋದು ಮೊದಲು, ಫಿಟ್ಟರಿಗೆ ಅಡ್ವಾನ್ಸ್ ಕೊಡೋದು ಆಮೇಲೆ, ಕೆಲಸ ಗೊತ್ತಿದ್ದವನನ್ನ ಕೇಳೋದು ಕಟ್ಟಕಡೆಗೆ. ದೊಡ್ಡಪ್ಪನ ಬಾವಿ ಪಂಪಿಗೂ ಹೀಗೇ ಮಾಡಿದ್ರು. ಇರಲಿ.

ಹಾಂ, ಕಟ್ ಆಗಿತ್ತು, ಮುಂದುವರಿಸ್ತೇನೆ. ಚಾವಣಿ ಕುಸೀಬಾರ್ದು ಅಂದ್ರೆ ಏಸಿ ಕೂರೋ ಕಿಂಡಿಯ, ಅಂದ್ರೆ ಚಾವಣಿಯಲ್ಲಿ ಈಗಿರೋ ಗಾಳಿ ಕಿಂಡಿಯ, ನಾಲ್ಕೂ ಅಂಚಿಗೆ, ಎರಡು ಪದರದ ನಡುವೆ, ಚೌಕಟ್ಟು ಬೇಕು. ಒಣಗಿದ ಗಟ್ಟಿ ಮರದ ರೀಪು ಆಗ್ತದೆ, ಅಲ್ಯುಮಿನಿಯಂ ಚೌಕ ಪೈಪು ಇನ್ನೂ ಒಳ್ಳೇದು. ಆ ಎರಡು ಪದರದ ನಡುವಿನ ಸಂದಿ ಎಷ್ಟಿದೆಯೋ ರೀಪು ಸರಿಯಾಗಿ ಅಷ್ಟೇ ದಪ್ಪ ಇರಬೇಕು, ಅಂಟು ಹಾಕಿ ತೂರಿಸಬೇಕು. ಇದ್ದ ಮರ ಇದ್ರೆ ಸ್ಕ್ರೂ ಡ್ರೈವರ್ ಚುಚ್ಚಿ ನೋಡು, ಮೆತ್ತಗಿದ್ರೆ ತೆಗೀಬೇಕು. ಯೂನಿಟ್ಟು 40ರಿಂದ 45 ಕೇಜಿ ಇರ್ತದೆ, ರಸ್ತೆಯ ಹೊಂಡಕ್ಕೆ ಹಾರಿ ಕೂತಾಗ ಅದರ ಭಾರ ಎಷ್ಟೋ ಪಟ್ಟು ಬೀಳ್ತದೆ. ಮೇಲೆ ಹತ್ತುವವ ಹಲಗೆ ಹಾಕ್ಕೊಂಡು ಹತ್ತಲಿ, ಬರೀ ಚಾವಣಿ ಮೇಲೆ ಮೊಣಕಾಲು ಊರಬಾರದು. ಯೂನಿಟ್ಟನ್ನ ಎತ್ತಿ ಇಡಬೇಕು, ಎಳೀಬಾರದು. ಎಳೆದ್ರೆ ಗ್ಯಾಸ್ಕೆಟ್ ಮಡಚಿಕೊಂಡು ಒಂದು ಬದಿ ಕಿತ್ತು ಬರ್ತದೆ, ಅದು ಕೆಳಗಿಂದ ಕಾಣೋದೂ ಇಲ್ಲ. ಯೂನಿಟ್ಟಿನ ಮೇಲಿರೋ ಬಾಣದ ಗುರುತು ಗಾಡಿ ಎಳೆಯೋ ಕಾರಿನ ಕಡೆಗೆ ಇರಲಿ.

ಹಳೇ ಕಿಂಡಿ ತೆಗೆದ ಜಾಗದ ಪುಟ್ಟಿ, ಅಂಟು ಎಲ್ಲ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆದು ಒಣಗಿಸು. ಹಳೇ ಸ್ಕ್ರೂ ತೂತು ಇದ್ದೇ ಇರ್ತಾವೆ, ಅದನ್ನ ಪಾಲಿಯುರಿಥೇನ್ ಸೀಲಂಟಲ್ಲಿ ಮುಚ್ಚಿ ಸಪಾಟು ಮಾಡು. ಗ್ಯಾಸ್ಕೆಟ್ ಅಡಿಗೆ ಮಾತ್ರ ಎಂತದೂ ಬಳೀಬೇಡ. ಸಿಲಿಕಾನ್ ಅಂತೂ ಬೇಡ್ವೇ ಬೇಡ, ಒಮ್ಮೆ ಬಳಿದ ಜಾಗಕ್ಕೆ ಮುಂದೆ ಬೇರೆ ಯಾವ ಅಂಟೂ ಹಿಡಿಯೋದಿಲ್ಲ. ಮತ್ತೆ ಹೇಳ್ತೇನೆ, ನಿನ್ನ ಫಿಟ್ಟರಿಗೂ ಕೇಳಿಸು: ಕೈಯಲ್ಲಿ ಬಿಗಿ, ಅರ್ಧ ಇಂಚು ಉಳಿಸು. ಅವನ ಕೈಯಲ್ಲಿ ಗಾಳಿ ಗನ್ನು ಕಂಡ್ರೆ ಚಹಾ ಕೊಟ್ಟು ವಾಪಸ್ ಕಳಿಸು.

ಒಳಗೆ ಒಂದು ವಿಷಯ ಎಲ್ಲರೂ ಬಿಡ್ತಾರೆ. ತಂಪು ಗಾಳಿ ಕೆಳಗೆ ಬರೋ ದಾರಿ ಬೇರೆ, ಕೋಣೆಯ ಗಾಳಿ ಮೇಲೆ ಹೋಗೋ ದಾರಿ ಬೇರೆ. ಎರಡರ ನಡುವೆ ಒಂದು ತಗಡಿನ ತಡೆ ಕೊಟ್ಟಿರ್ತಾರೆ, ಅದನ್ನ ಚಾವಣಿ ದಪ್ಪಕ್ಕೆ ಕತ್ತರಿಸಿ ಅಲ್ಯುಮಿನಿಯಂ ಫಾಯಿಲ್ ಟೇಪಲ್ಲಿ ಸಂದಿ ಬಿಡದೆ ಅಂಟಿಸಬೇಕು. ಬಟ್ಟೆ ಟೇಪು ತೇವಕ್ಕೆ ಬಿಚ್ಚಿ ಬರ್ತದೆ. ತಡೆ ಸರಿ ಇಲ್ಲದಿದ್ರೆ ತಂಪು ಗಾಳಿಯೇ ತಿರುಗಿ ಮೇಲೆ ಹೋಗ್ತದೆ, ಗಾಳಿ ತಂಪು ಮಾಡೋ ಕಾಯಿಲ್ ಹಿಮ ಕಟ್ತದೆ, ಕೋಣೆ ಮಾತ್ರ ಬಿಸಿ. ಆಗ ಎಲ್ಲರೂ ಗ್ಯಾಸ್ ಕಡಿಮೆ ಆಯ್ತು ಅಂತಾರೆ. ಸಪೂರ ತಂತಿಯ ಸೆನ್ಸರ್ ಒಂದಿರ್ತದೆ, ಅದರ ತುದಿ ಕಾಯಿಲಿನ ತೆಳು ತಗಡಿನ ರೆಕ್ಕೆಗಳ ನಡುವೆ ಸಿಕ್ಕಿಸ್ಬೇಕು, ಗಾಳಿಯಲ್ಲಿ ನೇತಾಡಬಾರದು.

ಕರೆಂಟಿನ ಮಾತು. ಪೆಟ್ಟಿಗೆ ಮೇಲಿನ ಪಟ್ಟಿ ಈಗಲೇ ಓದು, 220-240 ವೋಲ್ಟ್, 50 ಹರ್ಟ್ಸ್ ಅಂತ ಇರಬೇಕು. 115 ವೋಲ್ಟ್, 60 ಹರ್ಟ್ಸ್ ಇದ್ರೆ ಅದು ಅಮೆರಿಕದ ಮಾಲು, ವಾಪಸ್ ಕಳಿಸು. ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟ್ ಇಳಿಸಬಹುದು, ಹರ್ಟ್ಸ್ ಬದಲಾಗೋದಿಲ್ಲ, ಕಂಪ್ರೆಸರ್ ನಿಧಾನ ತಿರುಗಿ ಬಿಸಿಯಾಗ್ತದೆ. ನಿನ್ನದು 13,500 ಬಿಟಿಯು ಅಂದ್ಯಲ್ಲ, ಅಂದ್ರೆ ಒಂದು ಟನ್ನಿಗಿಂತ ಸ್ವಲ್ಪ ಮೇಲೆ, ಓಡುವಾಗ ಸುಮಾರು ಒಂದೂವರೆ ಕಿಲೋವಾಟ್, ಆರೇಳು ಆಂಪಿಯರ್. ಶುರುವಾಗುವಾಗ ಕ್ಷಣಹೊತ್ತು ಅದರ ನಾಲ್ಕೈದು ಪಟ್ಟು ಎಳೀತದೆ. ಹಾಗಾಗಿ ಇದಕ್ಕೇ ಬೇರೆ, ಹೊರೆ ಹೆಚ್ಚಾದ್ರೆ ತಾನೇ ಬೀಳೋ 16 ಆಂಪಿಯರ್ ಎಂಸಿಬಿ, 2.5 ಚದರ ಮಿಲಿಮೀಟರ್ ತಾಮ್ರದ ಮೂರು ಎಳೆಯ ವಯರ್, ಮನೆಯಿಂದ ದೂರ ಇದ್ರೆ 4. ಟೀವಿ ಪ್ಲಗ್ಗಿಗೆ ಸಿಕ್ಕಿಸೋ ಆಟ ಬೇಡ. ಎಕ್ಸ್‌ಟೆನ್ಷನ್ ಸುರುಳಿ ಇದ್ರೆ ಪೂರ್ತಿ ಬಿಚ್ಚು, ಸುತ್ತಿಟ್ಟ ವಯರ್ ಒಳಗೇ ಕಾದು ಕರಗ್ತದೆ. ಕರೆಂಟ್ ಸೋರಿದ್ರೆ ಕೂಡಲೇ ಬಂದ್ ಮಾಡೋ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕ್ಸು, ಅರ್ಥಿಂಗ್ ಚಾಸಿಗೆ ಕಟ್ಟು. ತೋಟದ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಗಾಡಿ ಬಾಗಿಲು ಮುಟ್ಟೋದು ಮಕ್ಕಳು, ನೆನಪಿರಲಿ.

ಸಂಜೆ ನಿಮ್ಮ ಕಡೆ ವೋಲ್ಟೇಜ್ ಬೀಳ್ತದೆ. 200ಕ್ಕಿಂತ ಕೆಳಗೆ ಹೋದ್ರೆ ಕಂಪ್ರೆಸರ್ ಎದ್ದು ನಿಲ್ಲಲಾರದೆ ಗುಂಯ್ ಅಂತದೆ, ಆಗ ಬಂದ್ ಮಾಡು, ಇಲ್ಲಾ 4 ಕೆವಿಎ ಸ್ಟೆಬಿಲೈಸರ್ ಇಡು. ಬಂದ್ ಮಾಡಿ ಕೂಡಲೇ ಶುರು ಮಾಡ್ಬೇಡ, ಮೂರು ನಿಮಿಷ ಬಿಡು, ಒಳಗಿನ ಒತ್ತಡ ಇಳೀಲಿ. ಬ್ಯಾಟರಿಯಲ್ಲಿ ಓಡಿಸ್ತೇನೆ ಅಂತ ನಿನ್ನ ತಂಗಿ ಕೇಳಿದ್ಲಲ್ಲ: 12 ವೋಲ್ಟಲ್ಲಿ ಒಂದೂವರೆ ಕಿಲೋವಾಟ್ ಅಂದ್ರೆ 125 ಆಂಪಿಯರ್, ಇನ್ವರ್ಟರಿನ ನಷ್ಟ ಬೇರೆ. 100 ಎಎಚ್ ಲೆಡ್ ಆಸಿಡ್ ಬ್ಯಾಟರಿ ಅರ್ಧ ಗಂಟೆಯೂ ಬರೋದಿಲ್ಲ. ಜನರೇಟರ್ ಆದ್ರೆ 3 ಕೆವಿಎ ಬೇಕು. ಸಾಫ್ಟ್ ಸ್ಟಾರ್ಟರ್ ಹಾಕಿದ್ರೆ ಶುರುವಿನ ಎಳೆತ ಕಡಿಮೆಯಾಗಿ ಸ್ವಲ್ಪ ಚಿಕ್ಕದರಲ್ಲೂ ನಡೀಬಹುದು.

ಉಪ್ಪು ಗಾಳಿಗೆ ಕಬ್ಬಿಣದ ಬೋಲ್ಟ್ ಬೇಗ ತುಕ್ಕು ಹಿಡೀತದೆ, ಪೆಟ್ಟಿಗೆಯವು ಸಾದಾ ಬೋಲ್ಟಾದ್ರೆ ಅದೇ ಅಳತೆಯ ಸ್ಟೇನ್‌ಲೆಸ್ 316 ತರಿಸು. ತಿಂಗಳಿಗೊಮ್ಮೆ ಹಿಂದಿನ ಕಾಯಿಲ್ ಮೇಲೆ ಸಿಹಿನೀರು ಹರಿಸು, ಪ್ರೆಶರ್ ಗನ್ ಹಿಡೀಬೇಡ, ರೆಕ್ಕೆ ಮಡಚಿಹೋಗ್ತದೆ. ತೆಂಗಿನ ಮರದ ಅಡಿಯಿಂದ ಗಾಡಿ ಸರಿಸು, ಒಂದು ಕಾಯಿ ಬಿದ್ರೆ ಆ ಪ್ಲಾಸ್ಟಿಕ್ ಮುಚ್ಚಳ ಎರಡು ಹೋಳು. ದೇವಿಮನೆ ಘಟ್ಟದಲ್ಲಿ ಒಯ್ಯುವಾಗ ಗಾಡಿ ಒಂದು ಅಡಿ ಎತ್ತರ ಆಗಿದೆ ಅನ್ನೋದು ಮರೀಬೇಡ, ಕೊಂಬೆಗಳು ತಗ್ಗಲ್ಲಿವೆ. ಮೇಲೆ ಭಾರ ಏರಿದ್ರಿಂದ ತಿರುವಲ್ಲಿ ಓಲಾಡೋದೂ ಜಾಸ್ತಿ.

ಅಯ್ಯೋ, ನೀನು ಕೇಳಿದ್ದು ತೂತಿನ ವಿಷಯ ಅಲ್ವಾ? ಹೊಸ ತೂತು ಬೇಡ ತಮ್ಮಾ. ನಿನ್ನ ಗಾಡಿ ಚಾವಣಿಯಲ್ಲಿ ಗಾಳಿ ಕಿಂಡಿ ಈಗಾಗ್ಲೇ ಇದೆ, ಫೋಟೋದಲ್ಲಿ ಕಾಣ್ತದೆ. ಈ ಏಸಿಗಳು ಹೆಚ್ಚಿನವು 14 ಇಂಚು ಚೌಕದ ಕಿಂಡಿಗೇ ಮಾಡಿದ್ದು, ಅಂದ್ರೆ 356 ಮಿಲಿಮೀಟರ್, ಕಾಲು ಇಂಚು ಹೆಚ್ಚಿದ್ರೂ ನಡೀತದೆ. ಕಿಂಡಿ ಬಿಚ್ಚಿ ಅದೇ ಜಾಗಕ್ಕೆ ಏಸಿ. ಯುರೋಪಿನ ಥರದ 400 ಮಿಲಿಮೀಟರ್ ಕಿಂಡಿ ಆದ್ರೆ ಒಳಗೆ ಚೌಕಟ್ಟು ಕೊಟ್ಟು ಅಳತೆ ಇಳಿಸಬೇಕು. 14ಕ್ಕಿಂತ ಚಿಕ್ಕದಾದ್ರೆ ಮಾತ್ರ ಅಂಚು ಕೊರೆಯೋದು, ಅದೂ ಒಳಗೆ ವಯರ್ ಎಲ್ಲಿ ಹೋಗಿದೆ ನೋಡಿ. ಫಿಟ್ಟರಿಗೆ ನಡುಮಧ್ಯ ಬೇಕು ಅನ್ನಿಸೋದು ಬರೀ ಚಂದಕ್ಕೆ.

ಒಳಗಿನ ಪ್ಲಾಸ್ಟಿಕ್ ಮುಚ್ಚಳ ಹಾಕೋ ಮುಂಚೆ ಏಸಿ ಬಂದ್ ಇಟ್ಟು, ನಾಲ್ಕೂ ಕಡೆಯಿಂದ ಪೈಪಲ್ಲಿ ಇಪ್ಪತ್ತು ನಿಮಿಷ ನೀರು ಬಿಡು, ಒಬ್ಬ ಒಳಗೆ ಟಾರ್ಚ್ ಹಿಡೀಲಿ. ನೀರು ಬಂದ್ರೆ ಗ್ಯಾಸ್ಕೆಟ್ ತಪ್ಪು. ಮುಂದೆ ಮಳೆಯಿಲ್ಲದಾಗ, ಏಸಿ ಓಡುವಾಗ ಮಾತ್ರ ತೊಟ್ಟಿಕ್ಕಿದ್ರೆ ಅದು ಬೇರೆ: ಏಸಿ ಇಳಿಸೋ ನೀರು. ಈ ಸೆಕೆಗೆ ಗಂಟೆಗೆ ಒಂದು ಲೀಟರಿನ ಮೇಲೇ ಇಳೀತದೆ, ತಳದ ತೂತು ಕಟ್ಟಿರ್ತದೆ ಇಲ್ಲಾ ಗಾಡಿ ಓರೆ ನಿಂತಿರ್ತದೆ.

ಈಗ ಏಣಿ ಹಾಕಿ ಹತ್ತು. ಕಿಂಡಿಯ ಉದ್ದ, ಅಗಲ, ಚಾವಣಿಯ ದಪ್ಪ, ಮೂರನ್ನೂ ಮಿಲಿಮೀಟರಲ್ಲಿ ಅಳೆದು, ಟೇಪು ಕಾಣೋ ಹಾಗೆ ಫೋಟೋ ತೆಗೆದು ಇಲ್ಲೇ ಹಾಕು. ಚಾವಣಿ ದಪ್ಪಕ್ಕೆ ಬೋಲ್ಟಿನ ಉದ್ದ ಸಾಕಾಗ್ತದಾ ಅಂತ ನಾನು ಶನಿವಾರದೊಳಗೆ ಹೇಳ್ತೇನೆ.