ಫಜಿ ಕಂಟ್ರೋಲರ್: ಒದ್ದೆ ಹಳಿಯಲ್ಲಿ ಎಳೆತ ಏರಿಳಿಯುವುದು ಯಾಕೆ?

ಪ್ರಶ್ನೆ
ಡಬ್ಲ್ಯುಎಪಿ-7 ಎಂಜಿನ್, 20 ಎಲ್‌ಎಚ್‌ಬಿ ಕೋಚ್, ಒಟ್ಟು ಸುಮಾರು 1,120 ಟನ್ ಇಟ್ಟುಕೊಂಡು ಸಿಮ್ಯುಲೇಶನ್ ಮಾಡುತ್ತಿದ್ದೇನೆ. ಫಜಿ ಕಂಟ್ರೋಲರ್‌ಗೆ (‘ಹೆಚ್ಚು’, ‘ಕಡಿಮೆ’ ಎಂಬಂಥ ಅಂದಾಜು ನಿಯಮಗಳಿಂದ ನಡೆಯುವ ನಿಯಂತ್ರಕ) ಒಂದೇ ಇನ್‌ಪುಟ್: ಚಕ್ರದ ಸ್ಲಿಪ್, ಅಂದರೆ ರೈಲಿನ ವೇಗಕ್ಕಿಂತ ಚಕ್ರ ಎಷ್ಟು ಹೆಚ್ಚು ವೇಗವಾಗಿ ತಿರುಗುತ್ತಿದೆ ಎಂಬುದು, ರೈಲಿನ ವೇಗದ ಶೇಕಡಾದಲ್ಲಿ. ಔಟ್‌ಪುಟ್ ನೇರವಾಗಿ ಎಳೆತದ ಬಲ. ಒಣ ಹಳಿಯಲ್ಲಿ ತೊಂದರೆಯಿಲ್ಲ. ಘರ್ಷಣಾಂಕ 0.15ಕ್ಕೆ ಇಳಿಸಿದರೆ ಬಲದ ಗ್ರಾಫ್ ಗರಗಸದ ಹಲ್ಲಿನಂತಾಗುತ್ತದೆ. ಹೊರಡುವಾಗಂತೂ ಸ್ಲಿಪ್ ಶೇ. 100 ದಾಟುತ್ತದೆ. ಮೆಂಬರ್‌ಶಿಪ್ ತ್ರಿಕೋನಗಳನ್ನು (ಯಾವ ಸ್ಲಿಪ್ ಎಷ್ಟರ ಮಟ್ಟಿಗೆ ‘ಹೆಚ್ಚು’ ಎಂದು ಹೇಳುವ ಗ್ರಾಫ್‌ಗಳನ್ನು) ಬದಲಿಸಿದರೂ ಅಷ್ಟೇ.

ಉತ್ತರ 1
ತ್ರಿಕೋನಗಳದ್ದು ತಪ್ಪಲ್ಲ ಸಾರ್. ಎಂಜಿನ್ ತೂಕ 123 ಟನ್, 0.15ರಲ್ಲಿ ಹಳಿ ತಡೆಯುವುದು ಸುಮಾರು 180 ಕಿಲೋನ್ಯೂಟನ್. ಎಂಜಿನ್ ಕೊಡಬಲ್ಲದ್ದು 322. ಚಕ್ರ ಜಾರಲೇಬೇಕು. ಸ್ಲಿಪ್ ಒಂದನ್ನೇ ನೋಡುವ ಕಂಟ್ರೋಲರ್, ಚಕ್ರ ಹಿಡಿತಕ್ಕೆ ಮರಳುತ್ತಿರುವಾಗಲೂ ಬಲ ಇಳಿಸಿಯೇ ಇಟ್ಟಿರುತ್ತದೆ. ಹಿಡಿತ ಸಿಕ್ಕ ಕೂಡಲೇ ಮತ್ತೆ ಪೂರ್ತಿ ಬಲ ಕೊಡುತ್ತದೆ. ಗರಗಸ ಬರುವುದು ಇದರಿಂದಲೇ.

ಸ್ಲಿಪ್ ಬದಲಾಗುವ ದರವನ್ನು ಎರಡನೇ ಇನ್‌ಪುಟ್ ಮಾಡಿ. ‘ಸ್ಲಿಪ್ ಹೆಚ್ಚು, ಇನ್ನೂ ಏರುತ್ತಿದೆ’ ಎಂದರೆ ಬೇಗ ಇಳಿಸು. ‘ಸ್ಲಿಪ್ ಹೆಚ್ಚು, ಆದರೆ ಇಳಿಯುತ್ತಿದೆ’ ಎಂದರೆ ಇದ್ದಲ್ಲೇ ಹಿಡಿದಿಡು. ಈ ಎರಡನೇ ನಿಯಮವೇ ಜೀವಾಳ. ಔಟ್‌ಪುಟ್ ಬಲದ ಹೆಚ್ಚುಕಡಿಮೆ ಮಾತ್ರ ಆಗಿರಲಿ, 20 ಮಿಲಿಸೆಕೆಂಡಿಗೊಮ್ಮೆ. ಇಳಿಸುವಾಗ ಸೆಕೆಂಡಿಗೆ 200 ಕಿಲೋನ್ಯೂಟನ್, ಏರಿಸುವಾಗ 20 ಎಂಬ ಮಿತಿಯಿಂದ ಶುರುಮಾಡಿ.

ಜಪಾನಿನ 1987ರ ಸೆಂಡಾಯ್ ಮೆಟ್ರೋದ ಫಜಿ ನಿಯಮಗಳನ್ನು ಇಲ್ಲಿಗೆ ತರಬೇಡಿ. ಅವು ರೈಲು ಓಡಿಸಿ ನಿಲ್ಲಿಸುವುದಕ್ಕೆ, ಇದು ಅದರ ಕೆಳಗಿನ ಕೆಲಸ.

ಉತ್ತರ 2
ಶೇ. 100 ಬರುವುದು ಭಾಗಾಕಾರದಿಂದ: ಹೊರಡುವಾಗ ಛೇದ ಸೊನ್ನೆಯ ಹತ್ತಿರ ಇರುತ್ತದೆ. ಗಂಟೆಗೆ 5 ಕಿ.ಮೀ. ತನಕ ಶೇಕಡಾ ಬಿಟ್ಟು ವೇಗದ ವ್ಯತ್ಯಾಸವನ್ನೇ ಕೊಡಿ.

ಇನ್ನೊಂದು ವಿಷಯ. ಸಿಮ್ಯುಲೇಶನ್‌ನಲ್ಲಿ ರೈಲಿನ ನಿಜವಾದ ವೇಗ ಪುಕ್ಕಟೆ ಸಿಗುತ್ತದೆ. ನಿಜವಾದ ಎಂಜಿನ್‌ನಲ್ಲಿ ಹಾಗಲ್ಲ: ಆರೂ ಆಕ್ಸಲ್‌ಗೆ (ಚಕ್ರದ ಅಚ್ಚು) ಮೋಟಾರ್ ಇದೆ, ಸುಮ್ಮನೆ ಉರುಳುವ ಚಕ್ರವೇ ಇಲ್ಲ. ಎಲ್ಲಕ್ಕಿಂತ ನಿಧಾನವಾದ ಆಕ್ಸಲ್ಲನ್ನು ಆಧಾರ ಮಾಡಬಹುದು, ಆದರೆ ಆರೂ ಒಟ್ಟಿಗೆ ಜಾರಿದರೆ ಅದೂ ಸುಳ್ಳು ಹೇಳುತ್ತದೆ. ಅದಕ್ಕೊಂದು ಕಾವಲು ಬೇಕು: ಪೂರ್ತಿ ಬಲದಲ್ಲೂ ಈ ರೈಲಿನ ವೇಗ ಸಮತಟ್ಟಿನಲ್ಲಿ ಸೆಕೆಂಡಿಗೆ ಗಂಟೆಗೆ 1 ಕಿ.ಮೀ.ನಷ್ಟು ಮಾತ್ರ ಏರೀತು. ಆಕ್ಸಲ್ಲಿನ ವೇಗ ಸೆಕೆಂಡಿಗೆ 2 ಕಿ.ಮೀ.ನಷ್ಟು ಏರಿದರೆ ಜಾರುತ್ತಿದೆ ಅಂತಲೇ ಅರ್ಥ.

ಚಕ್ರದ ಸವೆತವನ್ನೂ ಸೇರಿಸಿ. ಹೊಸದು 1,092 ಮಿ.ಮೀ.; ಎರಡು ಚಕ್ರಗಳ ನಡುವೆ 5 ಮಿ.ಮೀ. ವ್ಯತ್ಯಾಸವಿದ್ದರೆ ಸುಮಾರು ಶೇ. 0.5 ಸುಳ್ಳು ಸ್ಲಿಪ್. ಬಲವಿಲ್ಲದೆ ಉರುಳುವಾಗ ಆಕ್ಸಲ್ ವೇಗಗಳನ್ನು ಹೋಲಿಸಿ ತಿದ್ದಿಕೊಳ್ಳಬೇಕು.

ಪ್ರಶ್ನೆ ಕೇಳಿದವರು
ಹಾಗಾದರೆ ಆಕ್ಸಲ್‌ಗೊಂದು ಕಂಟ್ರೋಲರ್ ಇಡಲೇ?

ಉತ್ತರ 1
ಬೇಡ, ಎರಡು ಸಾಕು. ಈ ಎಂಜಿನ್‌ನ ಮೂಲ ವಿನ್ಯಾಸದಲ್ಲಿ ಮುಂದಿನ ಮೂರು ಮೋಟಾರ್‌ಗೆ ಒಂದು ಕನ್ವರ್ಟರ್ (ಮೋಟಾರ್‌ಗೆ ವಿದ್ಯುತ್ತನ್ನು ಹದಮಾಡಿ ಕೊಡುವ ಸಾಧನ), ಹಿಂದಿನ ಮೂರಕ್ಕೆ ಇನ್ನೊಂದು. ಮೂರರಲ್ಲಿ ಹೆಚ್ಚು ಜಾರುವ ಆಕ್ಸಲ್ಲಿನ ಸ್ಲಿಪ್ಪನ್ನೇ ಇನ್‌ಪುಟ್ ಮಾಡಿ. ಎಳೆಯುವಾಗ ಭಾರ ಹಿಂದಕ್ಕೆ ಸರಿಯುವುದರಿಂದ ಮುಂದಿನ ಗುಂಪೇ ಮೊದಲು ಜಾರುತ್ತದೆ. ಅದರ ಬಲ ತುಸು ಕಡಿಮೆಯಿಟ್ಟು ಹೊರಡಿಸಿ ನೋಡಿ.