ಲಾಯ್ಟನ್ ಆಟದಲ್ಲಿ ಆಸ್ಟ್ರಿಯನ್ ಸಾಲು ಒಂದೇ ಟರ್ನಿನಲ್ಲಿ ತಿರುಗಿಬಿಡುತ್ತದೆ, ಏನು ಮಾಡಬೇಕು?

ಪ್ರಶ್ನೆ: ಸರ್, ಪ್ರಷ್ಯನ್ನರಿಗೂ ಆಸ್ಟ್ರಿಯನ್ನರಿಗೂ ನಡೆದ ಲಾಯ್ಟನ್ ಕದನವನ್ನು (5 ಡಿಸೆಂಬರ್ 1757) ಮೇಜಿನ ಮೇಲೆ 6 ಮಿ.ಮೀ. ಸೈನಿಕರ ಬೊಂಬೆಗಳಲ್ಲಿ ಆಡುತ್ತಿದ್ದೇವೆ. ಎರಡು ಬೆಟಾಲಿಯನ್‌ಗೆ ಒಂದು ಬೇಸ್ (ಬೊಂಬೆಗಳನ್ನು ಅಂಟಿಸಿದ ಪಟ್ಟಿ), ಅಗಲ 6 ಸೆಂ.ಮೀ. ಒಂದು ಟರ್ನ್ ಎಂದರೆ ಕದನದ 10 ನಿಮಿಷ, ಪದಾತಿಯ ನಡೆ 15 ಸೆಂ.ಮೀ. ಪ್ರಷ್ಯದ ರಾಜ ಫ್ರೆಡರಿಕ್ ಸುತ್ತಿ ಬಂದು ಆಸ್ಟ್ರಿಯನ್ನರ ಎಡ ಪಕ್ಕೆಗೆ ಬೀಳುವ ಹೊತ್ತಿಗೆ ಅವರು ದಕ್ಷಿಣಕ್ಕೆ ತಿರುಗಿ ನಿಂತಿರುತ್ತಾರೆ. ಪ್ರಷ್ಯನ್ನರ ಗುಂಡಿಗೆ ದಾಳದಲ್ಲಿ +1 ಕೊಟ್ಟು ನೋಡಿದೆವು, ಆಗಲಿಲ್ಲ.

ಉತ್ತರ: ಆ +1 ತೆಗೆದುಹಾಕಿ. ತೊಂದರೆ ಗುಂಡಿನಲ್ಲಿಲ್ಲ, ನಡೆಯಲ್ಲಿದೆ.

ಮೊದಲು ಅಳತೆ. 600 ಜನರ ಬೆಟಾಲಿಯನ್ ಮೂರು ಸಾಲಿನಲ್ಲಿ ನಿಂತರೆ 200 ಜನರ ಅಗಲ, ತಲೆಗೆ 60 ಸೆಂ.ಮೀ. ಹಿಡಿದರೆ 120 ಮೀಟರ್. ನಿಮ್ಮ ಬೇಸ್ 240 ಮೀಟರ್ ಆಯಿತು, ಅಂದರೆ 1 ಸೆಂ.ಮೀ.ಗೆ 40 ಮೀಟರ್. ಈ ಲೆಕ್ಕದಲ್ಲಿ 15 ಸೆಂ.ಮೀ. ಎಂದರೆ 600 ಮೀಟರ್. ಪ್ರಷ್ಯನ್ ಪದಾತಿಯ ಮಾಮೂಲಿ ನಡಿಗೆಯೇ ನಿಮಿಷಕ್ಕೆ 75 ಹೆಜ್ಜೆ, ಸುಮಾರು 52 ಮೀಟರ್. ಸಾಲು ಕಟ್ಟಿ ನಡೆಯುವಾಗ ಮತ್ತೆ ಮತ್ತೆ ನಿಂತು ಸಾಲು ನೇರ ಮಾಡಿಕೊಳ್ಳಬೇಕು, ಅದಕ್ಕೇ ಅರ್ಧ ಹೊತ್ತು ಹೋಗುತ್ತದೆ. ಹಾಗಾಗಿ ಸಾಲಿಗೆ ಟರ್ನಿಗೆ 6.5 ಸೆಂ.ಮೀ. ಕೊಡಿ, ಕಾಲಂಗೆ (ಒಂದರ ಹಿಂದೊಂದು ತುಕಡಿ ನಡೆಯುವ ಪಡೆಗೆ) 13.

ಈಗ ಐದು ಬೇಸ್‌ಗಳ ಸಾಲು ತಿರುಗಿಸಿ. ಉದ್ದ 30 ಸೆಂ.ಮೀ. ಒಂದು ತುದಿ ನಿಂತಲ್ಲೇ ಇದ್ದು ಕಾಲು ಸುತ್ತು ತಿರುಗಿದರೆ ಇನ್ನೊಂದು ತುದಿ 47 ಸೆಂ.ಮೀ. ನಡೆಯಬೇಕು. ಏಳು ಟರ್ನ್ ದಾಟುತ್ತದೆ! ದಾರವನ್ನು ಒಳತುದಿಗೆ ಪಿನ್ ಚುಚ್ಚಿ ಕಟ್ಟಿ, ಹೊರತುದಿಯನ್ನು ಅದರ ಗುಂಟ ಅಳೆಯಿರಿ. ಕಣ್ಣಂದಾಜಿನಲ್ಲಿ ತಿರುಗಿಸಿದರೆ ಎಲ್ಲರೂ ಮೋಸಹೋಗುತ್ತಾರೆ.

ಪ್ರಷ್ಯನ್ನರಿಗೆ ಈ ಕಷ್ಟವಿರಲಿಲ್ಲ. ಅವರು ಪ್ಲಟೂನ್‌ಗಳ (ಬೆಟಾಲಿಯನ್ನಿನ ಸಣ್ಣ ತುಕಡಿಗಳ) ಕಾಲಂನಲ್ಲಿ ಬಂದರು. ಪ್ರತಿ ಪ್ಲಟೂನ್ ತನ್ನ ಜಾಗದಲ್ಲೇ ಕಾಲು ಸುತ್ತು ತಿರುಗಿದರೆ ಸಾಲು ಸಿದ್ಧ. ಅದಕ್ಕೆ ನಡೆ ಕಳೆಯಬೇಡಿ. ಅವರ ಮೇಲುಗೈ ಇರುವುದೇ ಇಲ್ಲಿ.

ಮತ್ತೊಬ್ಬರು: ಸಾಲು ಒಡೆದು, ಒಂದೊಂದೇ ಬೇಸ್ ತಿರುಗಿಸಿಕೊಂಡು ಬಂದರೆ?

ಉತ್ತರ: ಬರಲಿ, ಆದರೆ ಬೇಸಿಗೊಂದು ಗೊಂದಲದ ಗುರುತು ಇಡಿ, ಮೂರಾದರೆ ಆ ಬೇಸ್ ಓಡಿಹೋಗುತ್ತದೆ. ಒಂದರ ಹಿಂದೊಂದು ಬೇಸ್ ನಿಂತರೆ ಮುಂದಿನದು ಮಾತ್ರ ಗುಂಡು ಹಾರಿಸಲಿ, ಫಿರಂಗಿಯ ಚೆಂಡು ಮಾತ್ರ ಹಿಂದಿನವಕ್ಕೂ ತಾಗಲಿ. ಲಾಯ್ಟನ್ ಊರಿನ ಬಳಿ ಆಸ್ಟ್ರಿಯನ್ನರು ಕಿಕ್ಕಿರಿದು ನಿಂತು ಸತ್ತದ್ದು ಹೀಗೆಯೇ. ಮಸ್ಕೆಟ್ ದೂರ 2.5 ಸೆಂ.ಮೀ. ಸಾಕು.

ಮೊದಲ ಪ್ರಶ್ನೆಯವರು: ಆದರೆ ಆಸ್ಟ್ರಿಯಾ ಆಡುವವರಿಗೆ ಕಥೆ ಗೊತ್ತು. ಮೊದಲ ಟರ್ನಿಗೇ ಎಡಕ್ಕೆ ಮೀಸಲು ಪಡೆ ಕಳಿಸುತ್ತಾರೆ.

ಉತ್ತರ: ನಿಜವಾದ ಕದನದಲ್ಲಿ ಬೋರ್ನೆ ಊರಿನ ಕಡೆ ತೋರಿಕೆಯ ದಾಳಿ ಕಂಡು ಬಲಪಕ್ಕದ ಆಸ್ಟ್ರಿಯನ್ ಸೇನಾನಿ ಲುಕ್ಕೇಸಿ ನೆರವು ಬೇಡಿದ, ಮೀಸಲು ಅಲ್ಲಿಗೆ ಹೋಯಿತು. ಅದನ್ನೇ ನಿಯಮ ಮಾಡಿ: ಮೊದಲ ನಾಲ್ಕು ಟರ್ನಿನ ಆಜ್ಞೆಯನ್ನು ಆಟಕ್ಕೆ ಮುಂಚೆ ಬರೆದಿಡಬೇಕು, ಬದಲಿಸಲು ದಾಳದಲ್ಲಿ 5 ಅಥವಾ 6 ಬೀಳಬೇಕು. ಗುಡ್ಡಗಳ ಮರೆಯ ಪ್ರಷ್ಯನ್ನರು ಬೊಂಬೆಗಳ ಬದಲು ಖಾಲಿ ಕಾರ್ಡುಗಳಾಗಿರಲಿ, ಮೂರರಲ್ಲೊಂದು ಪಡೆಯೇ ಇಲ್ಲದ ಸುಳ್ಳು ಕಾರ್ಡು. ಇನ್ನೂ ಒಳ್ಳೆಯದೆಂದರೆ ನಕ್ಷೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ, ಊರುಗಳ ಹೆಸರು ಬದಲಿಸಿ. ಯಾವ ಕದನ ಎಂದು ಮುಗಿದ ಮೇಲೆ ಹೇಳಿ.