‘ಸ್ಕೂಲ್ ಡಿಸ್ಟ್ರಿಕ್ಟ್’ಗೆ ‘ಶಾಲಾ ಜಿಲ್ಲೆ’ ಅನ್ನಬಹುದಾ? ಜೊತೆಗೆ ಮಿಲ್, ಶಿಲ್ಕು, ಪ್ರೊಫಿಷಿಯಂಟ್

ಎಲ್ಲರಿಗೂ ನಮಸ್ಕಾರ.

ಒಂದು ಪದ ಕೇಳೋಣ ಅಂತ ಬರೆಯಲು ಕೂತೆ. ಈಗ ನೋಡಿದರೆ ಏಳೆಂಟಾಗಿವೆ. ಪತ್ರ ಉದ್ದವಾಗಿದೆ, ಬೇಸರ ಮಾಡಿಕೊಳ್ಳಬೇಡಿ.

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ನಮ್ಮ ಕನ್ನಡ ಕೂಟದಲ್ಲಿ ಈಚೆಗೆ ಮನೆ ಕೊಂಡವರು ಜಾಸ್ತಿ. ಜುಲೈ ಬಂತು ಅಂದರೆ ಅವರ ಮನೆಗೆ ಶಾಲೆಯ ತೆರಿಗೆ ಬಿಲ್ಲು ಬರುತ್ತದೆ. ಮಕ್ಕಳಿಲ್ಲದವರಿಗೂ ಬರುತ್ತದೆ. ‘ನಮಗ್ಯಾಕೆ?’ ಅಂತ ಪ್ರತಿ ವರ್ಷ ಅದೇ ಗಲಾಟೆ. ಹಾಗಾಗಿ ಕೂಟದ ಪತ್ರಿಕೆಗೆ ಶಾಲೆಗಳ ಆಡಳಿತ, ಹಣಕಾಸು, ಮಕ್ಕಳ ಕಲಿಕೆ ಮೂರರ ಬಗ್ಗೆಯೂ ನಾಲ್ಕು ಪುಟ ಕನ್ನಡದಲ್ಲಿ ಬರೆದುಕೊಡು ಅಂತ ನನ್ನ ತಲೆಗೆ ಕಟ್ಟಿದರು. ಊರಿಂದ ಆರು ತಿಂಗಳಿಗೆ ಬಂದಿರುವ ಅಪ್ಪ ಅಮ್ಮಂದಿರೂ ಓದುತ್ತಾರೆ. ಆದ್ದರಿಂದ ಇಂಗ್ಲಿಷ್ ಪದಗಳನ್ನೇ ಸುಮ್ನೆ ತುಂಬಿ ಕೈತೊಳೆದುಕೊಳ್ಳುವ ಹಾಗಿಲ್ಲ.

ಮೊದಲ ಸಾಲಿನಲ್ಲೇ ಸಿಕ್ಕಿಕೊಂಡೆ. ಕೆಲವು ಊರುಗಳ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ ‘ಸ್ಕೂಲ್ ಡಿಸ್ಟ್ರಿಕ್ಟ್’, ಅದಕ್ಕೆ ಏನನ್ನೋಣ?

‘ಶಾಲಾ ಜಿಲ್ಲೆ’, ‘ಶೈಕ್ಷಣಿಕ ಜಿಲ್ಲೆ’ ಎರಡೂ ಬಳಕೆಯಲ್ಲಿವೆ. ಎರಡನೆಯದಂತೂ ನಮ್ಮಲ್ಲಿ ಸರ್ಕಾರಿ ಪದ. ಮಧುಗಿರಿ, ಚಿಕ್ಕೋಡಿ, ಶಿರಸಿ ಶೈಕ್ಷಣಿಕ ಜಿಲ್ಲೆಗಳು ಅಂತ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪೇಪರಿನಲ್ಲಿ ಬರುತ್ತವಲ್ಲ, ಅದೇ. ತೊಂದರೆ ಇರುವುದೂ ಅಲ್ಲೇ. ಮಧುಗಿರಿ ಶೈಕ್ಷಣಿಕ ಜಿಲ್ಲೆ ಅಂದರೆ ಇಲಾಖೆಯ ಒಂದು ಕವಲು. ಡಿಡಿಪಿಐ ಇರುತ್ತಾರೆ, ಅವರ ಕೆಳಗೆ ಬಿಇಒಗಳು, ದುಡ್ಡು ಬೆಂಗಳೂರಿನಿಂದ ಬರುತ್ತದೆ. ಅದಕ್ಕೆ ಯಾರೂ ವೋಟು ಹಾಕುವುದಿಲ್ಲ, ಅದು ಯಾರ ಮನೆಗೂ ತೆರಿಗೆ ಬಿಲ್ಲು ಕಳಿಸುವುದಿಲ್ಲ. ಇಲ್ಲಿಯ ಸ್ಕೂಲ್ ಡಿಸ್ಟ್ರಿಕ್ಟ್ ಎರಡನ್ನೂ ಮಾಡುತ್ತದೆ. ತನ್ನದೇ ಚುನಾವಣೆ, ತನ್ನದೇ ಬೊಕ್ಕಸ, ಸಾಲ ಎತ್ತುವ ಅಧಿಕಾರವೂ ಉಂಟು.

ಅಳತೆಯಲ್ಲೂ ‘ಜಿಲ್ಲೆ’ ಹೊಂದುವುದಿಲ್ಲ. ಪೆನ್ಸಿಲ್ವೇನಿಯಾದಲ್ಲಿ 67 ಕೌಂಟಿಗಳಿವೆ. ನಮ್ಮ ಜಿಲ್ಲೆಗೆ ಹತ್ತಿರವಾದದ್ದು ಅದು. ಸ್ಕೂಲ್ ಡಿಸ್ಟ್ರಿಕ್ಟುಗಳು 500. ಒಂದು ಕಾಲಕ್ಕೆ ಎರಡು ಸಾವಿರಕ್ಕೂ ಹೆಚ್ಚಿದ್ದವು, ಕೂಡಿಸಿ ಕೂಡಿಸಿ ಇಷ್ಟಕ್ಕೆ ತಂದಿದ್ದಾರೆ. ಪ್ಯಾಂಥರ್ ವ್ಯಾಲಿ ಅಂತ ಒಂದು ಚಿಕ್ಕ ಡಿಸ್ಟ್ರಿಕ್ಟ್ ಇದೆ, ಹಳೆಯ ಕಲ್ಲಿದ್ದಲು ಗಣಿಗಳ ಸೀಮೆ. ಲ್ಯಾನ್ಸ್‌ಫರ್ಡ್, ಸಮಿಟ್ ಹಿಲ್, ನೆಸ್ಕೊಹೋನಿಂಗ್, ಕೋಲ್‌ಡೇಲ್ ಎಂಬ ನಾಲ್ಕು ಊರು ಸೇರಿ ಅದು. ಮೊದಲ ಮೂರು ಇರುವುದು ಕಾರ್ಬನ್ ಕೌಂಟಿಯಲ್ಲಿ, ಕೋಲ್‌ಡೇಲ್ ಪಕ್ಕದ ಸ್ಕೂಲ್‌ಕಿಲ್ ಕೌಂಟಿಯಲ್ಲಿ. ಇದನ್ನು ‘ಶಾಲಾ ಜಿಲ್ಲೆ’ ಅಂದರೆ ‘ಎರಡು ಜಿಲ್ಲೆಗೆ ಸೇರಿದ ನಾಲ್ಕು ಊರಿನ ಒಂದು ಜಿಲ್ಲೆ’ ಅಂತ ಬರೆಯಬೇಕಾಗುತ್ತದೆ. ಓದಿದವರು ನನ್ನನ್ನೇ ಶಾಲೆಗೆ ಕಳಿಸುತ್ತಾರೆ.

‘ವಲಯ’, ‘ಕ್ಷೇತ್ರ’ ಎರಡನ್ನೂ ಬಿಇಒ ಕಚೇರಿಯವರು ಆಗಲೇ ಎತ್ತಿಕೊಂಡಿದ್ದಾರೆ. ‘ಶಾಲಾ ಸೀಮೆ’ ಅಂತ ಒಮ್ಮೆ ಬರೆದು ನೋಡಿದೆ. ಸೀಮೆಸುಣ್ಣ ಕಣ್ಣ ಮುಂದೆ ಬಂತು, ಹೊಡೆದುಹಾಕಿದೆ.

ಆಗ ಅಪ್ಪನ ಮಾತು ಕಿವಿಗೆ ಬಿತ್ತು. ಅವರು ಗ್ರಾಮ ಪಂಚಾಯಿತಿ ಕಾರ್ಯದರ್ಶಿಯಾಗಿ ನಿವೃತ್ತರಾದವರು, ಈಗ ನಮ್ಮ ಜೊತೆ ಇದ್ದಾರೆ. ಅಡುಗೆಮನೆ ಮೇಜಿನ ಮೇಲೆ ಬಿಲ್ಲು ಬಿದ್ದಿತ್ತು. ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿಸಿಕೊಂಡರು. ಎರಡು ತಿಂಗಳೊಳಗೆ ಕಟ್ಟಿದರೆ 2% ರಿಯಾಯಿತಿ, ನಾಲ್ಕು ತಿಂಗಳು ದಾಟಿದರೆ 10% ದಂಡ. ‘ನಮ್ಮಲ್ಲಿ ಏಪ್ರಿಲ್‌ನಲ್ಲಿ ಕಟ್ಟಿದರೆ 5% ಬಿಡ್ತಾರಲ್ಲ, ಹಾಗೇ’ ಅಂದರು. ಆಮೇಲೆ ಬಿಲ್ಲನ್ನು ಮೇಜಿನ ಮೇಲಿಟ್ಟು, ‘ಇದು ಜಿಲ್ಲೆ ಅಲ್ಲ ಕಣಮ್ಮ. ಇದು ಪಂಚಾಯ್ತಿ. ಶಾಲೆಗೆ ಅಂತಲೇ ಮಾಡಿಕೊಂಡಿರೋ ಪಂಚಾಯ್ತಿ’ ಅಂದರು.

ಅಂದಿನಿಂದ ನನಗೆ ‘ಶಾಲಾ ಪಂಚಾಯಿತಿ’ ಹಿಡಿಸಿಬಿಟ್ಟಿದೆ. ಬಿಲ್ಲಿನಲ್ಲಿರುವುದಕ್ಕೆ ‘ಶಾಲೆ ಕಂದಾಯ’. ‘ಮನೆ ಕಂದಾಯ ಕಟ್ಟಿದೆಯಾ?’ ಅಂತ ಬೆಂಗಳೂರಿನಲ್ಲೂ ಕೇಳುತ್ತಾರಲ್ವಾ. ‘ಆಸ್ತಿ ತೆರಿಗೆ’ ಅಂತ ಹೇಳುವುದು ಅರ್ಜಿ ಫಾರಂ ಮಾತ್ರ. ‘ಸೆಸ್’ ಅನ್ನಬಹುದೇನೋ ಎಂದೂ ಯೋಚಿಸಿದೆ. ಗ್ರಂಥಾಲಯ ಸೆಸ್, ಭಿಕ್ಷುಕರ ಸೆಸ್ ನಮ್ಮ ರಸೀದಿಯಲ್ಲಿ ಇರುತ್ತವೆ. ಆದರೆ ಅವು ಕಂದಾಯದ ಬಾಲಕ್ಕೆ ಕಟ್ಟಿದ ಚಿಲ್ಲರೆ. ಇಲ್ಲಿ ಶಾಲೆಯದೇ ತಲೆ, ಊರಿನದು ಬಾಲ.

ಇನ್ನು ಡಿಸ್ಟ್ರಿಕ್ಟನ್ನು ನಡೆಸುವ ‘ಸ್ಕೂಲ್ ಬೋರ್ಡ್’. ‘ಆಡಳಿತ ಮಂಡಳಿ’ ಅಂತ ಬರೆದರೆ ಕನ್ನಡಿಗರಿಗೆ ಖಾಸಗಿ ಶಾಲೆಯ ಟ್ರಸ್ಟು, ಡೊನೇಷನ್ನು ನೆನಪಾಗುತ್ತದೆ. ‘ಮಂಡಳಿ’ ಮಾತ್ರ ಇಟ್ಟರೆ ಪರೀಕ್ಷೆ ನಡೆಸುವವರು ಅನ್ನಿಸುತ್ತದೆ. ಎಸ್‌ಡಿಎಂಸಿ ಒಂದೇ ಶಾಲೆಯ ಪೋಷಕರದು, ಅದಕ್ಕೆ ತೆರಿಗೆ ಹಾಕುವ ಹಕ್ಕಿಲ್ಲ. ನನಗೆ ‘ಬೋರ್ಡ್’ ಅಂತಲೇ ಬಿಡುವುದು ಸರಿ ಕಾಣುತ್ತದೆ. ಮದ್ರಾಸ್ ಕಾಲದ ಡಿಸ್ಟ್ರಿಕ್ಟ್ ಬೋರ್ಡು ನಡೆಸಿದ್ದಕ್ಕೇ ಅಲ್ಲವೇ ಉಡುಪಿಯಲ್ಲಿ ಈಗಲೂ ‘ಬೋರ್ಡ್ ಹೈಸ್ಕೂಲ್’ ಎನ್ನುವುದು? ಪದ ಆಗಲೇ ನಮ್ಮದಾಗಿದೆ.

ಈ ಬೋರ್ಡಿನ ಸದಸ್ಯರಿಗೆ ಪೆನ್ಸಿಲ್ವೇನಿಯಾ ಕಾನೂನು ಹೇಳುವ ಹೆಸರು ‘ಸ್ಕೂಲ್ ಡೈರೆಕ್ಟರ್’. ಸಾಮಾನ್ಯವಾಗಿ ಒಂಬತ್ತು ಜನ, ನಾಲ್ಕು ವರ್ಷದ ಅವಧಿ, ಸಂಬಳ ಇಲ್ಲ. ಒಬ್ಬರೇ ಅಭ್ಯರ್ಥಿ ಎರಡೂ ಪಕ್ಷದ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ) ನಿಲ್ಲಬಹುದು ಅನ್ನುವುದು ಇನ್ನೊಂದು ತಮಾಷೆ. ‘ನಿರ್ದೇಶಕ’ ಅಂದರೆ ಸಿನಿಮಾದವರೋ, ಇಲಾಖೆಯವರೋ ಆಗಿಬಿಡುತ್ತಾರೆ. ಆದರೆ ಹಳ್ಳಿಯಲ್ಲಿ ‘ಅವರು ಸೊಸೈಟಿ ಡೈರೆಕ್ಟ್ರು’, ‘ಡೇರಿ ಡೈರೆಕ್ಟ್ರು’ ಅನ್ನುತ್ತಾರಲ್ಲ, ಅದು ಹೇಳಿ ಮಾಡಿಸಿದ ಹಾಗಿದೆ. ಊರವರೇ ಆರಿಸಿದವರು, ಬೇರೆ ಕೆಲಸ ಇಟ್ಟುಕೊಂಡು ಸಂಜೆ ಮೀಟಿಂಗಿಗೆ ಬರುವವರು.

‘ಸೂಪರಿಂಟೆಂಡೆಂಟ್’ ಕಷ್ಟದ ಗಿರಾಕಿ. ನಮ್ಮಲ್ಲಿ ಕಚೇರಿಯಲ್ಲಿ ಗುಮಾಸ್ತರ ಮೇಲಿನವರು ಸೂಪರಿಂಟೆಂಡೆಂಟು. ಪರೀಕ್ಷೆಯ ದಿನ ‘ಮುಖ್ಯ ಅಧೀಕ್ಷಕರು’ ಅಂತ ಒಬ್ಬರು ಇರುತ್ತಾರೆ. ಇಲ್ಲಿ ಅವರು ಡಿಸ್ಟ್ರಿಕ್ಟಿನ ಎಲ್ಲ ಶಾಲೆಗಳಿಗೂ ಮುಖ್ಯಸ್ಥರು, ಬೋರ್ಡೇ ಮೂರರಿಂದ ಐದು ವರ್ಷದ ಕರಾರಿನ ಮೇಲೆ ನೇಮಿಸಿಕೊಳ್ಳುತ್ತದೆ. ವರ್ಗಾವಣೆ ಆಗಿ ಬಂದವರಲ್ಲ. ‘ಡಿಡಿಪಿಐ ಇದ್ದ ಹಾಗೆ’ ಅಂತ ಬರೆದಿದ್ದೆ, ಅಳಿಸಿದೆ. ‘ಶಾಲೆಗಳ ಮುಖ್ಯಾಧಿಕಾರಿ’ ಆದೀತೇ? ಪಟ್ಟಣ ಪಂಚಾಯಿತಿಗೆ ‘ಮುಖ್ಯಾಧಿಕಾರಿ’ ಇರುತ್ತಾರಲ್ಲ, ಆ ದಾರಿ ಹಿಡಿದು.

‘ಪಬ್ಲಿಕ್ ಸ್ಕೂಲ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಮ್ಮೂರಲ್ಲಿ ಹೆಸರಿನ ಕೊನೆಗೆ ಅದು ಇದ್ದರೆ ಖಾಸಗಿ, ಹೆಸರಿನ ಮೊದಲಿಗೆ ‘ಕರ್ನಾಟಕ’ ಸೇರಿದರೆ ಸರ್ಕಾರಿ! ‘ಸರ್ಕಾರಿ ಶಾಲೆ’ ಅಂತ ಬರೆದು ಮುಗಿಸಿದ್ದೇನೆ.

ಹಣಕಾಸಿಗೆ ಬಂದರೆ ಮೊದಲು ‘ಮಿಲ್’. ಅಪ್ಪ ‘ಹಿಟ್ಟಿನ ಮಿಲ್ಲಾ?’ ಅಂತ ಕೇಳಿದರು, ನಿಜವಾಗಿ. ಸಾವಿರಕ್ಕೆ ಒಂದು ಅನ್ನುವ ಲೆಕ್ಕ ಇದು. ಮನೆಯ ಬೆಲೆಯನ್ನು ಕೌಂಟಿಯವರು 1,00,000 ಡಾಲರ್ ಅಂತ ಕಟ್ಟಿದ್ದು, ದರ 20 ಮಿಲ್ ಇದ್ದರೆ ಕಂದಾಯ 2,000 ಡಾಲರ್. ಕೌಂಟಿ ಕಟ್ಟಿದ ಬೆಲೆಯೂ ಮಾರುಕಟ್ಟೆ ಬೆಲೆಯೂ ಒಂದೇ ಅಲ್ಲ. ಇದನ್ನು ಮಾತ್ರ ನಮ್ಮವರಿಗೆ ವಿವರಿಸುವ ಕಷ್ಟವಿಲ್ಲ, ‘ಗೈಡೆನ್ಸ್ ವ್ಯಾಲ್ಯೂ’ ಅಂದರೆ ಸಾಕು. ಮಿಲ್‌ಗೆ ‘ಸಾವಿರಕ್ಕೆ ಇಷ್ಟು’ ಅಂತ ಬಿಡಿಸಿ ಬರೆಯಲೇ? ಅಥವಾ ಶೇಕಡಾ, ಸೇಕಡಾ ಇರುವ ಹಾಗೆ ಸಾವಿರದ ಲೆಕ್ಕಕ್ಕೆ ಹಳೆಯ ಪದ ಯಾವುದಾದರೂ ಇದೆಯೇ? ‘ಪ್ರತಿಸಾವಿರ’ ನಿಘಂಟಿನ ವಾಸನೆ ಹೊಡೆಯುತ್ತದೆ.

ಈ ಒಂದು ಪದ ಅರ್ಥವಾದರೆ ಇಲ್ಲಿಯ ದೊಡ್ಡ ಜಗಳ ಅರ್ಥವಾಗುತ್ತದೆ, ಅದಕ್ಕೇ ಇಷ್ಟು ಕೇಳುತ್ತಿರುವುದು. ಒಂದು ಡಿಸ್ಟ್ರಿಕ್ಟಿನ ಎಲ್ಲ ಮನೆ, ಅಂಗಡಿ ಸೇರಿ 20 ಕೋಟಿ ಡಾಲರ್ ಅಂದುಕೊಳ್ಳಿ. ಒಂದು ಮಿಲ್ ಏರಿಸಿದರೆ 2 ಲಕ್ಷ ಡಾಲರ್ ಬರುತ್ತದೆ. ಪಕ್ಕದ ಸಿರಿವಂತ ಡಿಸ್ಟ್ರಿಕ್ಟು 200 ಕೋಟಿಯದಾದರೆ ಅದೇ ಒಂದು ಮಿಲ್‌ಗೆ 20 ಲಕ್ಷ. ಬಡ ಊರಿನವರು ಜಾಸ್ತಿ ದರ ಕಟ್ಟಿಯೂ ಕಡಿಮೆ ಹಣ ಕಾಣುತ್ತಾರೆ. ಗಣಿ ಮುಚ್ಚಿದ ಪ್ಯಾಂಥರ್ ವ್ಯಾಲಿಯಂಥ ಕಡೆ ಆದದ್ದೇ ಇದು. ಆ ಡಿಸ್ಟ್ರಿಕ್ಟೂ ಸೇರಿ ಆರು ಡಿಸ್ಟ್ರಿಕ್ಟುಗಳು, ಕೆಲವು ಪೋಷಕರು ಕೂಡಿ 2014ರಲ್ಲಿ ರಾಜ್ಯದ ಮೇಲೆ ಕೇಸು ಹಾಕಿದರು. 2023ರ ಫೆಬ್ರುವರಿಯಲ್ಲಿ ರಾಜ್ಯದ್ದೇ ಆದ ಕಾಮನ್‌ವೆಲ್ತ್ ಕೋರ್ಟು 786 ಪುಟದ ತೀರ್ಪು ಕೊಟ್ಟು, ಈ ವ್ಯವಸ್ಥೆ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂದಿತು. ಆ ಸಂವಿಧಾನ ಹೇಳುವುದು ‘ಥರೋ ಅಂಡ್ ಎಫಿಶಿಯಂಟ್’ ಶಿಕ್ಷಣ ವ್ಯವಸ್ಥೆ ಇರಬೇಕು ಅಂತ, 1874ರ ಮಾತು. ‘ಸಂಪೂರ್ಣ ಮತ್ತು ದಕ್ಷ’ ಅಂದರೆ ಸರ್ಕಾರಿ ಜಾಹೀರಾತು. ‘ಕೊರತೆಯಿಲ್ಲದ, ಅಚ್ಚುಕಟ್ಟಾದ’ ಅಂತ ಬರೆದಿದ್ದೇನೆ. ‘ಅಚ್ಚುಕಟ್ಟು’ ಅಂದಾಗ ಮಂಡ್ಯ ಕಡೆಯವರಿಗೆ ಕಾಲುವೆ ನೀರು ನೆನಪಾದರೂ ತಪ್ಪಿಲ್ಲ, ಎಲ್ಲ ಗದ್ದೆಗೂ ನೀರು ಮುಟ್ಟಬೇಕು ಅಂತಲೇ ಕೇಸು.

ದರ ಏರಿಸಲು ಮಿತಿ ಉಂಟು. 2006ರ ‘ಆ್ಯಕ್ಟ್ 1’ ಪ್ರಕಾರ ರಾಜ್ಯ ಒಂದು ‘ಇಂಡೆಕ್ಸ್’ ಹೇಳುತ್ತದೆ. ಅದನ್ನು ದಾಟಬೇಕಾದರೆ ರಾಜ್ಯದಿಂದ ವಿನಾಯಿತಿ ಪಡೆಯಬೇಕು, ಇಲ್ಲ ಊರವರ ಮತ ಕೇಳಬೇಕು. ಇಂಡೆಕ್ಸಿಗೆ ‘ಸೂಚ್ಯಂಕ’ ಅನ್ನುವ ಬದಲು ‘ಏರಿಕೆಯ ಮಿತಿ’ ಅಂದೆ.

‘ಫಂಡ್ ಬ್ಯಾಲೆನ್ಸ್’ಗೆ, ಅಂದರೆ ಖರ್ಚಾಗಿ ಕೈಯಲ್ಲುಳಿದ ಹಣಕ್ಕೆ, ಅಪ್ಪನೇ ಪದ ಕೊಟ್ಟರು. ನಾನು ‘ನಿಧಿ ಶೇಷ’ ಅಂತ ಬರೆದಿದ್ದೆ. ಓದಿ ನಕ್ಕರು. ‘ಶೇಷ ಅಲ್ಲಮ್ಮ, ಶಿಲ್ಕು’. ಕ್ಯಾಷ್ ಬುಕ್ಕಿನಲ್ಲಿ ಆರಂಭ ಶಿಲ್ಕು, ಆಖೈರು ಶಿಲ್ಕು ಅಂತ ಮೂವತ್ತು ವರ್ಷ ಬರೆದ ಕೈ ಅದು. ಶಿಲ್ಕು ಜಾಸ್ತಿ ಇಟ್ಟುಕೊಂಡು ಮತ್ತೆ ಕಂದಾಯ ಏರಿಸಬಾರದು ಅಂತ ಇಲ್ಲಿ ಕಾನೂನಿದೆ. ಯಾವ ಬಾಬ್ತಿಗೂ ಗೊತ್ತುಮಾಡದ ಶಿಲ್ಕು, ಸಣ್ಣ ಬಜೆಟ್ಟಿನ ಡಿಸ್ಟ್ರಿಕ್ಟಾದರೆ ಖರ್ಚಿನ 12% ಒಳಗೆ, ದೊಡ್ಡದಾದರೆ 8% ಒಳಗೆ ಇರಬೇಕು. ‘ನಮ್ಮ ಪಂಚಾಯ್ತೀಲಿ ಈ ಕಷ್ಟ ಬರಲೇ ಇಲ್ಲ’ ಅಂದರು ಅಪ್ಪ.

ಫಲಿತಾಂಶದ ಪುಟದಲ್ಲಿ ಮೂರು ಪದ. ಇಲ್ಲಿ 3ರಿಂದ 8ನೇ ಕ್ಲಾಸಿನವರೆಗೆ ನಡೆಯುವ ಪಿಎಸ್‌ಎಸ್‌ಎ ಪರೀಕ್ಷೆಯಲ್ಲಿ ನಾಲ್ಕು ಮೆಟ್ಟಿಲು. ಮೇಲಿನಿಂದ ಎರಡನೆಯದು ‘ಪ್ರೊಫಿಷಿಯಂಟ್’. ‘ಪ್ರವೀಣ’ ಅಂದರೆ ಮಗು ಹಿಂದಿ ಪರೀಕ್ಷೆ ಕಟ್ಟಿದ ಹಾಗಾಗುತ್ತದೆ. ‘ಉತ್ತೀರ್ಣ’ ಅಂದರೆ ಅಪಾಯ, ಏಕೆಂದರೆ ಕೆಳಗಿನ ಮೆಟ್ಟಿಲವರು ಫೇಲಾಗಿಲ್ಲ. ‘ಕ್ಲಾಸಿಗೆ ತಕ್ಕ ಕಲಿಕೆ ಬಂದವರು’ ಅಂತ ಉದ್ದವಾಗಿಯೇ ಬರೆದೆ. ಚಿಕ್ಕ ಡಿಸ್ಟ್ರಿಕ್ಟುಗಳಲ್ಲಿ ಈ ಶೇಕಡಾ ಓದುವಾಗ ಎಚ್ಚರ ಬೇಕು ಅಂತಲೂ ಸೇರಿಸಿದ್ದೇನೆ. ಕ್ಲಾಸಿನಲ್ಲಿ 20 ಮಕ್ಕಳಿದ್ದರೆ ಒಂದು ಮಗು ಅಂದರೇ 5%. ಅವತ್ತು ಇಬ್ಬರಿಗೆ ಜ್ವರ ಬಂದರೆ ಶಾಲೆಯೇ ಕುಸಿದ ಹಾಗೆ ಕಾಣುತ್ತದೆ.

‘ಗ್ರಾಜುಯೇಷನ್ ರೇಟ್’ಗೆ ‘ರಿಸಲ್ಟು’ ಅನ್ನಲಾಗದು. ನಮ್ಮ ಶೇಕಡಾವಾರು ಫಲಿತಾಂಶ ಪರೀಕ್ಷೆ ಬರೆದವರಲ್ಲಿ ಪಾಸಾದವರದು. ಇಲ್ಲಿ 9ನೇ ಕ್ಲಾಸಿಗೆ ಒಟ್ಟಿಗೆ ಸೇರಿದವರಲ್ಲಿ ನಾಲ್ಕು ವರ್ಷಕ್ಕೆ ಡಿಪ್ಲೊಮಾ (ಇಲ್ಲಿ ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರ) ಪಡೆದವರೆಷ್ಟು ಅಂತ. ನಡುವೆ ಬಿಟ್ಟುಹೋದವರೂ ಲೆಕ್ಕದಲ್ಲಿರುತ್ತಾರೆ. ‘ಕೋಹಾರ್ಟ್’ ಪದಕ್ಕೆ ‘ಸಮೂಹ’, ‘ಗುಂಪು’ ಎಲ್ಲ ಬೇಡ, ‘ಬ್ಯಾಚ್’ ಇದೆಯಲ್ಲ. ‘ನಾವಿಬ್ಬರೂ ಒಂದೇ ಬ್ಯಾಚು.’

ಕೊನೆಯದು ‘ಕ್ರಾನಿಕ್ ಆಬ್ಸೆಂಟೀಯಿಸಂ’. ವರ್ಷದ ಹತ್ತನೇ ಒಂದು ಭಾಗ, ಅಂದರೆ 180 ದಿನಕ್ಕೆ 18 ದಿನ, ಶಾಲೆ ತಪ್ಪಿದರೆ ಈ ಪಟ್ಟಿಗೆ ಸೇರುತ್ತಾರೆ. ‘ದೀರ್ಘಕಾಲದ ಗೈರು’ ಅಂದರೆ ಒಂದೇ ಸಮನೆ ಬರದಿದ್ದವರು ಅನ್ನಿಸುತ್ತದೆ. ‘ಚಕ್ಕರ್’ ಅಂದರೆ ಕದ್ದು ತಪ್ಪಿಸಿದವರು. ಇಲ್ಲಿ ರಜಾ ಚೀಟಿ ಕೊಟ್ಟು ಅಜ್ಜಿ ಮನೆಗೆ ಹೋದ ದಿನವೂ ಸೇರುತ್ತದೆ. ಡಿಸೆಂಬರಿನಲ್ಲಿ ಮೂರು ವಾರ ಊರಿಗೆ ಹೋಗುವ ನಮ್ಮವರಿಗೇ ಇದನ್ನು ಸರಿಯಾಗಿ ಮುಟ್ಟಿಸಬೇಕಾಗಿದೆ. ‘ಪದೇ ಪದೇ ಗೈರು’ ಅಂತ ಸದ್ಯಕ್ಕೆ ಇಟ್ಟಿದ್ದೇನೆ, ಮನಸ್ಸಿಗೆ ಪೂರ್ತಿ ಒಪ್ಪಿಲ್ಲ.

ಹಾಂ, ‘ಶಾಲಾ ಪಂಚಾಯಿತಿ’ಗೆ ಒಂದು ತಕರಾರು ನಾನೇ ಹೇಳಿಬಿಡುತ್ತೇನೆ. ಲ್ಯಾನ್ಸ್‌ಫರ್ಡ್‌ನಂಥ ‘ಬರೋ’ಗಳಿಗೆ (ಚಿಕ್ಕ ಪಟ್ಟಣಗಳಿಗೆ) ಚರಂಡಿ, ಬೀದಿದೀಪ ನೋಡುವ ಬೇರೆ ಕೌನ್ಸಿಲ್ ಇದೆ. ಅದನ್ನು ‘ಪಟ್ಟಣ ಪಂಚಾಯಿತಿ’ ಅನ್ನಲೇಬೇಕು. ಹಾಗಾದರೆ ಒಂದೇ ಪುಟದಲ್ಲಿ ಎರಡೆರಡು ಪಂಚಾಯಿತಿ. ಇದಕ್ಕೆ ಅಪ್ಪ, ‘ಇರಲಿ ಬಿಡು, ಎರಡು ಕಂದಾಯ ಕಟ್ಟುತ್ತೀರಲ್ಲ’ ಅನ್ನುತ್ತಾರೆ. ನಿಮಗೇನನ್ನಿಸುತ್ತದೆ? ಉತ್ತರ ಕರ್ನಾಟಕದವರು, ಕರಾವಳಿಯವರು ನಿಮ್ಮ ಕಡೆಯ ಲೆಕ್ಕಪತ್ರದ ಪದಗಳಿದ್ದರೆ ಖಂಡಿತ ಬರೆಯಿರಿ. ಮಿಲ್‌ಗೆ ಒಂದು ಪದ ಸಿಕ್ಕರಂತೂ ಮುಂದಿನ ಬಿಲ್ಲು ಬರುವುದರೊಳಗೆ ಅಚ್ಚಿಗೆ ಕಳಿಸುತ್ತೇನೆ.